ಅರಮನೆಯ ಪಿಯಾನೋ, ಲಂಡನ್ನಿನ ವೇದಿಕೆ

1964ರ ಮೇ ತಿಂಗಳಲ್ಲಿ ಮೈಸೂರಿನ ಜಯಚಾಮರಾಜ ಒಡೆಯರು ಮದರಾಸು ರಾಜ್ಯದ ರಾಜ್ಯಪಾಲರಾದರು. ಅದಕ್ಕೆ ಎಂಟು ವರ್ಷಗಳ ಹಿಂದೆ, ರಾಜ್ಯಗಳ ಪುನರ್ವಿಂಗಡಣೆಯಾದಾಗ, ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲವು ಮೈಸೂರಿಗೆ ಸೇರಿತ್ತು. ತಾಳವಾಡಿ ಮದರಾಸಿನಲ್ಲಿಯೇ ಉಳಿದಿತ್ತು. ಹೀಗೆ ಗಡಿಯ ಈಚೆಗೆ ಉಳಿದ ಈ ಬೆಟ್ಟಗಳ ಕನ್ನಡಿಗರಿಗೆ 1966ರವರೆಗೆ ಮೈಸೂರಿನ ಮಹಾರಾಜರೇ ರಾಜ್ಯಪಾಲರು. ಅವರ ಹೆಸರು ಕೇಳಿದೊಡನೆ ನೆನಪಾಗುವುದು ದಸರೆ, ಅಂಬಾರಿ, ಸಿಂಹಾಸನ. ತಾರುಣ್ಯದಲ್ಲಿ ಅವರು ಬಯಸಿದ್ದಾದರೋ ಬೇರೊಂದು ಆಸನವನ್ನು, ಸಂಗೀತ ಸಭಾಂಗಣದಲ್ಲಿ ಪಿಯಾನೋದ ಮುಂದಿರುವ ಪುಟ್ಟ ಪೀಠವನ್ನು.

1919ರ ಜುಲೈ 18ರಂದು ಜನಿಸಿದ ಜಯಚಾಮರಾಜರು ಬೆಳೆದ ಅರಮನೆಯಲ್ಲಿ ಎರಡು ಸಂಗೀತಗಳು ಜೊತೆಯಾಗಿ ವಾಸಿಸುತ್ತಿದ್ದವು. ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರು ಎರಡೂ ಪದ್ಧತಿಗಳ ವಾದ್ಯಗಳನ್ನು ಸ್ವತಃ ನುಡಿಸಬಲ್ಲವರು. ಆಸ್ಥಾನದಲ್ಲಿ ವೈಣಿಕರಿದ್ದಂತೆಯೇ ಪಾಶ್ಚಾತ್ಯ ವಾದ್ಯವೃಂದವೂ ಇತ್ತು. ಬಾಲಕನಿಗೆ ಮೊದಲು ಒಲಿದದ್ದು ಪಿಯಾನೋ.

ಆ ವಾದ್ಯವನ್ನು ಹಾರ್ಮೋನಿಯಮ್ಮಿನ ದೊಡ್ಡಣ್ಣನೆಂದು ತಿಳಿಯುವವರುಂಟು. ಹಾಗಲ್ಲ. ಹಾರ್ಮೋನಿಯಮ್ಮಿನಲ್ಲಿ ನುಡಿಯುವುದು ಗಾಳಿಯಿಂದ, ಪಿಯಾನೋದಲ್ಲಿ ತಂತಿ. ಅದರ 88 ಕೀಗಳಲ್ಲಿ ಒಂದನ್ನು ಒತ್ತಿದರೆ ಒಳಗೆ ಉಣ್ಣೆಯ ಹೊದಿಕೆಯುಳ್ಳ ಪುಟ್ಟ ಸುತ್ತಿಗೆಯೊಂದು ತಂತಿಯನ್ನು ಬಡಿದು ಕೂಡಲೇ ಹಿಂದೆ ಸರಿಯುತ್ತದೆ. ಬೆರಳಿನ ಬಿರುಸಿನಂತೆ ನಾದವು ಮೆಲುವಾಗಿಯೋ ಗಡುಸಾಗಿಯೋ ಹೊಮ್ಮುತ್ತದೆ. ಹೊಮ್ಮಿದ ಸ್ವರವನ್ನು ಮಾತ್ರ ಮತ್ತೆ ತಿದ್ದುವಂತಿಲ್ಲ. ವೀಣೆಯಲ್ಲಿ ತಂತಿಯನ್ನೆಳೆದು ಗಮಕ ಮೂಡಿಸುವಂತೆ ಇಲ್ಲಿ ಸ್ವರವನ್ನು ಬಳುಕಿಸಲಾಗದು. ಅದಕ್ಕೆ ಬದಲಾಗಿ ಹತ್ತು ಬೆರಳುಗಳು ಏಕಕಾಲದಲ್ಲಿ ಮೂರು ನಾಲ್ಕು ಬೇರೆ ಬೇರೆ ಧಾಟಿಗಳನ್ನು ನಡೆಸಬಲ್ಲವು. ಒಂದು ಧಾಟಿಯನ್ನು ಮುಂದೆ ತಂದು ಮಿಕ್ಕವನ್ನು ಹಿಂದಿರಿಸುವುದೇ ವಾದಕನ ವಿದ್ವತ್ತು. ಗಮಕವನ್ನೇ ಪ್ರಾಣವೆಂದು ಕೇಳುತ್ತ ಬೆಳೆದ ಕಿವಿಗೆ ಇದು ಸುಲಭದ ಶಿಸ್ತಲ್ಲ.

ಒಡೆಯರು ಆ ಶಿಸ್ತನ್ನು ಹವ್ಯಾಸವೆಂದು ಕಲಿತವರಲ್ಲ. 1938ರಲ್ಲಿ ಮಹಾರಾಜ ಕಾಲೇಜಿನ ಪದವಿ ಪಡೆದ ಅವರು ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಆದರು. 1945ರಲ್ಲಿ ಟ್ರಿನಿಟಿ ಸಂಗೀತ ಕಾಲೇಜು ಅವರಿಗೆ ಗೌರವ ಫೆಲೋ ಪದವಿಯನ್ನಿತ್ತಿತು. ಅಷ್ಟರಲ್ಲಿ ಕಚೇರಿ ವಾದಕನಾಗುವ ಮಾತು ಮುಗಿದುಹೋಗಿತ್ತು. 1940ರ ಮಾರ್ಚಿಯಲ್ಲಿ ತಂದೆ, ಆಗಸ್ಟಿನಲ್ಲಿ ದೊಡ್ಡಪ್ಪ ತೀರಿಕೊಂಡರು. ಸೆಪ್ಟೆಂಬರ್ 8ರಂದು, ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಅವರು ಪಟ್ಟವೇರಿದರು. ಕಚೇರಿ ವಾದಕನಿಗೆ ದಿನವೂ ಗಂಟೆಗಟ್ಟಲೆ ಸಾಧನೆ ಬೇಕು, ಊರೂರು ತಿರುಗಾಟ ಬೇಕು. ಯುದ್ಧಕಾಲದಲ್ಲಿ ಸಂಸ್ಥಾನವೊಂದನ್ನು ಆಳುವವನಿಗೆ ಅವೆರಡೂ ದಕ್ಕುವಂಥವಲ್ಲ.

ತಾವು ನುಡಿಸಲಾಗದೆ ಹೋದುದನ್ನು ಇತರರು ನುಡಿಸುವಂತೆ ಮಾಡಲು ಅವರು ಮುಂದಾದರು. ನಿಕೊಲಾಯ್ ಮೆಟ್ನರ್ ಎಂಬ ರಷ್ಯನ್ ಪಿಯಾನೋ ವಾದಕ, ಸಂಗೀತ ರಚನಕಾರ, ಸ್ವದೇಶ ತೊರೆದು ಲಂಡನ್ನಿನಲ್ಲಿ ನೆಲೆಸಿದ್ದರು. ವಯಸ್ಸಾಗಿತ್ತು, ಆರೋಗ್ಯ ಕೆಟ್ಟಿತ್ತು, ಅವರ ಸಂಗೀತವನ್ನು ಕೇಳುವವರು ವಿರಳರಾಗಿದ್ದರು. ಯುದ್ಧ ಮುಗಿದ ಮೇಲೆ ಒಡೆಯರು ತಮ್ಮ ವೆಚ್ಚದಲ್ಲಿ ಮೆಟ್ನರ್ ಸೊಸೈಟಿಯನ್ನು ಸ್ಥಾಪಿಸಿ, ಆ ವೃದ್ಧರ ಕೃತಿಗಳನ್ನು ಅವರ ಕೈಯಿಂದಲೇ ನುಡಿಸಿ ಎಚ್‌ಎಂವಿ ತಟ್ಟೆಗಳಲ್ಲಿ ಮುದ್ರಿಸಿದರು. ಪಿಯಾನೋ ಹಾಗೂ ವಾದ್ಯವೃಂದಕ್ಕಾಗಿ ರಚಿಸಿದ ಮೂರು ಕನ್ಚರ್ಟೋಗಳೂ ಹಾಗೆ ಉಳಿದವು. ಮೂರನೆಯದನ್ನು ಮೆಟ್ನರ್ ಮೈಸೂರಿನ ಮಹಾರಾಜರಿಗೆ ಅರ್ಪಿಸಿದ್ದಾರೆ. ಅವರು 1951ರಲ್ಲಿ ನಿಧನರಾದರು. ಧ್ವನಿಮುದ್ರಣ ಇನ್ನು ಕೆಲವೇ ವರ್ಷ ತಡವಾಗಿದ್ದರೆ ಆ ಬೆರಳುಗಳ ನಾದ ಇಂದು ಇರುತ್ತಿರಲಿಲ್ಲ.

ಲಂಡನ್ನಿನ ಫಿಲ್‌ಹಾರ್ಮೋನಿಯಾ ವಾದ್ಯವೃಂದಕ್ಕೂ ಒಡೆಯರ ನೆರವು ದೊರೆಯಿತು. ಅದರ ಕಚೇರಿ ಸಂಘದ ಮೊದಲ ಅಧ್ಯಕ್ಷರು ಅವರೇ. ಜರ್ಮನಿಯ ರಿಚರ್ಡ್ ಸ್ಟ್ರಾಸ್ ಎಂಬತ್ತನಾಲ್ಕರ ಇಳಿವಯಸ್ಸಿನಲ್ಲಿ ಬರೆದು, ತಾವು ಕೇಳದೆಯೇ ಕಣ್ಮುಚ್ಚಿದ ನಾಲ್ಕು ಕೊನೆಯ ಹಾಡುಗಳು ಮೊದಲ ಬಾರಿಗೆ ಕೇಳಿಬಂದದ್ದು 1950ರ ಮೇ 22ರಂದು, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ. ಹಾಡಿದವರು ಕಿರ್ಸ್ಟನ್ ಫ್ಲಾಗ್‌ಸ್ಟಾಡ್, ನಿರ್ದೇಶಿಸಿದವರು ವಿಲ್ಹೆಲ್ಮ್ ಫುರ್ಟ್‌ವಾಂಗ್ಲರ್. ಖರ್ಚಿಗೆ 4,800 ಡಾಲರುಗಳ ಖಾತರಿ ನೀಡಿದ್ದವರು ಜಯಚಾಮರಾಜ ಒಡೆಯರು. ಅವರಿಗೆ ಹೋಗಲಾಗಲಿಲ್ಲ. ಆದ್ದರಿಂದ ಕಚೇರಿಯನ್ನು ಧ್ವನಿಮುದ್ರಿಸಿ ಮೈಸೂರಿಗೆ ಕಳುಹಿಸುವ ಏರ್ಪಾಡಾಯಿತು. ಕೊಡಲು ಹಣವಿದ್ದದ್ದು ಅರಸುತನದಿಂದಲೇ ಎಂಬುದನ್ನು ಮರೆಯುವಂತಿಲ್ಲ. ನುಡಿಸುವ ಬಿಡುವನ್ನು ಕಸಿದದ್ದೂ ಅದೇ ಅರಸುತನ.

ಅಷ್ಟರಲ್ಲಿ ಅವರ ಮನಸ್ಸು ಕರ್ನಾಟಕ ಸಂಗೀತದತ್ತ ತಿರುಗಿತ್ತು. ಮೈಸೂರು ವಾಸುದೇವಾಚಾರ್ಯರ ಮಾರ್ಗದರ್ಶನದಲ್ಲಿ, ಬೆಳೆದ ವಯಸ್ಸಿನಲ್ಲಿ, ವಿದ್ಯಾರ್ಥಿಯಂತೆ ಕುಳಿತು ಕಲಿತು, ಸಂಸ್ಕೃತದಲ್ಲಿ 94 ಕೃತಿಗಳನ್ನು ರಚಿಸಿದರು. ‘ಶ್ರೀವಿದ್ಯಾ’ ಅವುಗಳ ಅಂಕಿತ. ಹಲವು ಅಪರೂಪದ ರಾಗಗಳಲ್ಲಿವೆ. ಪಿಯಾನೋ ಕಲಿತ ಕೈ ಗಮಕದ ಸಂಗೀತಕ್ಕೆ ಮರಳಿದ್ದು ಹೀಗೆ. ಮೊದಲ ವಿದ್ಯೆ ವ್ಯರ್ಥವಾಯಿತೆಂದು ಹೇಳುವವರಿದ್ದರೆ ಅವರು ಮೆಟ್ನರ್ ತಟ್ಟೆಗಳನ್ನು ಕೇಳಿಲ್ಲವೆಂದೇ ಅರ್ಥ. ಮೆಟ್ನರ್ ರಚನೆಗಳಲ್ಲಿ ಧಾಟಿಗಳು ದಟ್ಟವಾಗಿ ಹೆಣೆದುಕೊಂಡಿರುತ್ತವೆ. ಪಿಯಾನೋ ನುಡಿಸಬಲ್ಲ ಕಿವಿಯೇ ಅವುಗಳ ಬೆಲೆಯನ್ನು ಬೇಗ ಅರಿಯಬಲ್ಲದು.

ಒಡೆಯರು 1974ರ ಸೆಪ್ಟೆಂಬರ್ 23ರಂದು ನಿಧನರಾದರು. ಮೆಟ್ನರ್ ನುಡಿಸಿದ ಆ ಹಳೆಯ ಮುದ್ರಣಗಳು ಈಗ ಮೊಬೈಲಿನಲ್ಲಿಯೇ ದೊರೆಯುತ್ತವೆ. ಮನೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಮೂರನೆಯ ಕನ್ಚರ್ಟೋದ ಮೊದಲ ಐದು ನಿಮಿಷ ಕೇಳಬಹುದು. ಅದರ ಬೆನ್ನಿಗೇ ಅಠಾಣ ರಾಗದಲ್ಲಿ ಒಡೆಯರು ರಚಿಸಿದ ‘ಶ್ರೀ ಮಹಾಗಣಪತಿಂ ಭಜೇಹಂ’ ಕೃತಿಯನ್ನೂ ಹಾಕಬಹುದು.