ನೆಲದಡಿಯ ಬಿಸಿನೀರಿನ ಪೈಪು: ಜೋಡಣೆಯ ಬಗೆಗಿನ ತಪ್ಪು ಕಲ್ಪನೆಗಳು

ಮಿನೆಸೋಟದಲ್ಲೋ ಟೊರಾಂಟೊದಲ್ಲೋ ಮನೆ ಕೊಂಡ ಕನ್ನಡಿಗರಿಗೆ ನೆಲದಿಂದಲೇ ಮನೆ ಬೆಚ್ಚಗಾಗುವ ಏರ್ಪಾಡು ಹೊಸದು. ಬಾಯ್ಲರಿನಲ್ಲಿ ಕಾದ ನೀರು ಮ್ಯಾನಿಫೋಲ್ಡಿಗೆ ಬಂದು, ಅಲ್ಲಿಂದ ಕವಲೊಡೆದು, ಕಾಂಕ್ರೀಟಿನಲ್ಲಿ ಹುದುಗಿದ ಪೆಕ್ಸ್ ಎಂಬ ಪ್ಲಾಸ್ಟಿಕ್ ಪೈಪುಗಳಲ್ಲಿ ಸುತ್ತಿ ಮರಳುತ್ತದೆ. ಪೈಪು ಗಟ್ಟಿಯೇ, ತೊಂದರೆ ಕಾಣಿಸಿಕೊಳ್ಳುವುದು ಹೆಚ್ಚಾಗಿ ಜೋಡಣೆಯಲ್ಲಿ. ಆ ಜೋಡಣೆಯ ಬಗ್ಗೆ ಓಡಾಡುವ ಮಾತುಗಳನ್ನು ನಂಬಿ, ಚೆನ್ನಾಗಿದ್ದ ನೆಲವನ್ನು ಒಡೆಸಿಕೊಂಡವರಿದ್ದಾರೆ.

ತಪ್ಪು ಕಲ್ಪನೆ: ನೆಲದಡಿ ಪೈಪು ಹೂತರೆ ಇಂದಲ್ಲ ನಾಳೆ ಸೋರುವುದು ಖಂಡಿತ.

ವಾಸ್ತವ: ಈ ಭಯ ಸುಮ್ಮನೆ ಹುಟ್ಟಿದ್ದಲ್ಲ. ನ್ಯೂಯಾರ್ಕ್ ರಾಜ್ಯದ ಲೆವಿಟೌನಿನಲ್ಲಿ 1947ರಿಂದ ಕಟ್ಟಿದ ಸಾವಿರಾರು ಮನೆಗಳ ಕಾಂಕ್ರೀಟ್ ನೆಲದಲ್ಲಿ ಲೋಹದ ಪೈಪು ಹಾಕಿದ್ದರು. ವರ್ಷಗಳು ಕಳೆದಂತೆ ಅನೇಕ ಮನೆಗಳಲ್ಲಿ ಅದು ಸವೆದು ತೂತು ಬಿತ್ತು. ಇಂದಿನ ಪೆಕ್ಸ್ ತುಕ್ಕು ಹಿಡಿಯುವುದಿಲ್ಲ. ಮ್ಯಾನಿಫೋಲ್ಡಿನಿಂದ ಹೊರಟು ಮ್ಯಾನಿಫೋಲ್ಡಿಗೇ ಮರಳುವ ಅಖಂಡ ಪೈಪಾದ್ದರಿಂದ ನೆಲದೊಳಗೆ ಒಂದೂ ಜೋಡಣೆ ಇರಬೇಕಿಲ್ಲ. ಹೀಗೆ ಹೋಗಿ ಮರಳುವ ಒಂದು ಸುತ್ತಿಗೆ, ಅಂದರೆ ಲೂಪಿಗೆ, ಅರ್ಧ ಇಂಚಿನ ಪೈಪಾದರೆ ಸುಮಾರು 90 ಮೀಟರ್ ಉದ್ದ ರೂಢಿಯ ಮಿತಿ. ಸುರುಳಿ ಸಾಲದೆ ಬಂದಾಗ ಇನ್ನೊಂದು ತುಂಡು ಸೇರಿಸಿ ಮುಂದುವರಿಸುವುದು ಬೇಡ. ಆ ಲೂಪನ್ನು ಗಿಡ್ಡ ಮಾಡಿ, ಉಳಿದ ಜಾಗಕ್ಕೆ ಬೇರೆ ಲೂಪ್ ಎಳೆಯಬೇಕು.

ತಪ್ಪು ಕಲ್ಪನೆ: ಪ್ಲಾಸ್ಟಿಕ್ ಪೈಪು ತಾನೆ, ಗಮ್ ಹಚ್ಚಿದರೆ ಸಾಕು.

ವಾಸ್ತವ: ಬೆಂಗಳೂರಿನ ಮನೆಗಳಲ್ಲಿ ಸಿಪಿವಿಸಿ ಪೈಪಿಗೆ ಪ್ಲಂಬರ್ ಸಾಲ್ವೆಂಟ್ ಹಚ್ಚಿ ಕೂಡಿಸುವುದನ್ನು ಕಂಡವರು ಹೀಗೆ ಅಂದುಕೊಳ್ಳುವುದು ಸಹಜ. ಸಿಪಿವಿಸಿಯ ಮೈ ಆ ದ್ರಾವಕಕ್ಕೆ ಕರಗಿ ಒಂದಾಗುತ್ತದೆ. ಪೆಕ್ಸ್ ಕರಗುವುದಿಲ್ಲ, ಅದಕ್ಕೆ ಅಂಟು ಹಿಡಿಯುವುದೂ ಇಲ್ಲ. ಫಿಟ್ಟಿಂಗಿನ ಬಿಗಿತವೇ ಅದರ ಆಧಾರ.

ತಪ್ಪು ಕಲ್ಪನೆ: ಯಾವ ಪೆಕ್ಸಿಗಾದರೂ ಯಾವ ರಿಂಗಾದರೂ ನಡೆಯುತ್ತದೆ.

ವಾಸ್ತವ: ಅತಿ ಹೆಚ್ಚು ಕೆಲಸ ಕೆಡುವುದು ಇಲ್ಲೇ. ಪೆಕ್ಸ್‌ನಲ್ಲಿ ಎ, ಬಿ, ಸಿ ಎಂಬ ಮೂರು ಬಗೆಗಳಿವೆ. ಹಿಗ್ಗಿಸಿ ಕೂರಿಸುವ ವಿಧಾನ ಮುಖ್ಯವಾಗಿ ‘ಎ’ ಬಗೆಗೆ. ಉಳಿದವಕ್ಕೆ ತಯಾರಕರು ಒಪ್ಪಿದ್ದರೆ ಮಾತ್ರ. ಈ ವಿಧಾನದಲ್ಲಿ ಪೈಪಿನ ತುದಿಗೆ ಪೆಕ್ಸ್ ರಿಂಗ್ ತೊಡಿಸಿ, ಉಪಕರಣದ ತಲೆಯನ್ನು ಒಳಗಿಟ್ಟು ಹಲವು ಸಲ ಹಿಗ್ಗಿಸುತ್ತಾರೆ. ಪ್ರತಿ ಸಲವೂ ಉಪಕರಣವನ್ನು ಚೂರು ತಿರುಗಿಸಬೇಕು. ಇಲ್ಲವಾದರೆ ಪೈಪಿನ ಒಳಮೈಯಲ್ಲಿ ಒಂದೇ ಕಡೆ ಗೀರು ಬಿದ್ದು, ನೀರು ಆ ದಾರಿ ಹಿಡಿಯುತ್ತದೆ. ಕೊನೆಯ ಸಲ ಹಿಗ್ಗಿಸಿದ ಕೂಡಲೇ ಫಿಟ್ಟಿಂಗನ್ನು ಅಂಚು ತಾಗುವವರೆಗೆ ತಳ್ಳಿ ಹಿಡಿದುಕೊಂಡರೆ, ಪೈಪು ತಾನಾಗಿ ಕುಗ್ಗಿ ಕಚ್ಚಿಕೊಳ್ಳುತ್ತದೆ. ಚಳಿ ಹೆಚ್ಚಿದಷ್ಟೂ ಈ ಕುಗ್ಗುವಿಕೆ ನಿಧಾನ. ಜನವರಿಯ ಬೆಳಿಗ್ಗೆ ಕೂಡಿಸಿ ಆ ಕ್ಷಣವೇ ಒತ್ತಡ ಕೊಟ್ಟರೆ ಸೋರುವುದು ಅವಸರದ ತಪ್ಪು, ಫಿಟ್ಟಿಂಗಿನದಲ್ಲ.

ತಾಮ್ರದ ಕ್ರಿಂಪ್ ರಿಂಗಿನ ಲೆಕ್ಕವೇ ಬೇರೆ. ಪೈಪನ್ನು ಕಟರಿನಿಂದ ನೇರವಾಗಿ ಕತ್ತರಿಸಿ, ರಿಂಗ್ ತುದಿಯಿಂದ 3ರಿಂದ 6 ಮಿ.ಮೀ. ಹಿಂದೆ ಕೂರುವಂತೆ ಇಟ್ಟು ಒತ್ತಬೇಕು. ಆಮೇಲೆ ರಿಂಗಿನ ಅಳತೆ ನೋಡುವ ಗೇಜಿನಿಂದ ಪರೀಕ್ಷಿಸಬೇಕು. ಗೇಜು ಒಪ್ಪದಿದ್ದರೆ ಅದೇ ರಿಂಗನ್ನು ಮತ್ತೆ ಒತ್ತದೆ, ಕತ್ತರಿಸಿ ತೆಗೆದು ಹೊಸದು ಹಾಕುವುದೇ ಸರಿ. ಕಣ್ಣಂದಾಜು ನಂಬಿ ಗೇಜನ್ನು ಪೆಟ್ಟಿಗೆಯಲ್ಲೇ ಬಿಡುವವರಿಗೆ ನೆಲದ ಕೆಲಸ ಕೊಡಲೇಬಾರದು.

ತಪ್ಪು ಕಲ್ಪನೆ: ಮ್ಯಾನಿಫೋಲ್ಡಿನ ನಟ್ಟಿಗೆ ಟೆಫ್ಲಾನ್ ಟೇಪ್ ಸುತ್ತಿದರೆ ಇನ್ನೂ ಭದ್ರ.

ವಾಸ್ತವ: ಅಲ್ಲಿ ನೀರು ತಡೆಯುವುದು ಶಂಕುವಿನಾಕಾರದ ತುದಿ ಮತ್ತು ರಬ್ಬರಿನ ಓ-ರಿಂಗ್, ಥ್ರೆಡ್ಡಿನ ಕೆಲಸ ಎಳೆದು ಹಿಡಿಯುವುದಷ್ಟೆ. ಟೇಪ್ ಅನಗತ್ಯ.

ತಪ್ಪು ಕಲ್ಪನೆ: ಮಡಚಿ ಮುರಿ ಬಿದ್ದ ಪೈಪನ್ನು ಬಿಸಿ ಮಾಡಿದರೆ ಸರಿಹೋಗುತ್ತದೆ.

ವಾಸ್ತವ: ‘ಎ’ ಬಗೆಯಾದರೆ ಹೌದು. ಹೀಟ್ ಗನ್ನಿನ ಬಿಸಿಗಾಳಿಗೆ ಅದು ಹಳೆಯ ಆಕಾರಕ್ಕೆ ಮರಳುತ್ತದೆ. ಬೆಂಕಿಯ ಜ್ವಾಲೆ ಹಿಡಿಯಕೂಡದು. ಬೇರೆ ಬಗೆಗಳಲ್ಲಿ ಆ ಭಾಗ ಕತ್ತರಿಸಿ ಕಪ್ಲಿಂಗ್ ಹಾಕಬೇಕು.

ತಪ್ಪು ಕಲ್ಪನೆ: ಒತ್ತಡದ ಗೇಜಿನ ಮುಳ್ಳು ಇಳಿಯಿತೆಂದರೆ ನೆಲದಲ್ಲಿ ಸೋರಿಕೆ.

ವಾಸ್ತವ: ಗಾಳಿ ತುಂಬಿ ಪರೀಕ್ಷಿಸುವಾಗ 25 ಡಿಗ್ರಿಯಲ್ಲಿ 60 ಪಿಎಸ್‌ಐ ಇದ್ದದ್ದು, ರಾತ್ರಿ 5 ಡಿಗ್ರಿಗೆ ಇಳಿದರೆ, ಒಂದು ಗುಳ್ಳೆಯೂ ಹೊರಹೋಗದೆ ಸುಮಾರು 55 ತೋರಿಸುತ್ತದೆ. ನೀರು ತುಂಬಿ ನಡೆಯುತ್ತಿರುವ ವ್ಯವಸ್ಥೆಯಲ್ಲೂ ಮೊದಲು ನೋಡಬೇಕಾದದ್ದು ಎಕ್ಸ್‌ಪ್ಯಾನ್ಶನ್ ಟ್ಯಾಂಕು, ತೊಟ್ಟಿಕ್ಕುವ ರಿಲೀಫ್ ವಾಲ್ವು. ಅವು ಸರಿಯಿದ್ದರೆ ಮ್ಯಾನಿಫೋಲ್ಡಿನಲ್ಲಿ ಲೂಪುಗಳನ್ನು ಒಂದೊಂದಾಗಿ ಬೇರ್ಪಡಿಸಿ ಒತ್ತಡ ನೋಡಬೇಕು. ದೋಷವಿರುವ ಲೂಪಿನಲ್ಲಿ ಬಿಸಿನೀರು ಹರಿಸಿದರೆ, ಬಿಸಿ ಹರಡಿಕೊಂಡ ಜಾಗವನ್ನು ಥರ್ಮಲ್ ಕ್ಯಾಮೆರಾ ತೋರಿಸಿಕೊಡುತ್ತದೆ.

ತಪ್ಪು ಕಲ್ಪನೆ: ಒಂದು ತೂತಿಗೆ ಇಡೀ ನೆಲ ಒಡೆಯಬೇಕು.

ವಾಸ್ತವ: ಬೇಕಿಲ್ಲ. ಪೈಪು ಆಡುವಷ್ಟು ಜಾಗ ಬಿಡಿಸಿ, ಕೆಟ್ಟ ತುಂಡು ತೆಗೆದು, ಎರಡು ಕಪ್ಲಿಂಗ್‌ಗಳ ನಡುವೆ ಹೊಸ ತುಂಡು ಕೂಡಿಸಬಹುದು. ಕಪ್ಲಿಂಗ್ ಕಾಂಕ್ರೀಟಿನಲ್ಲಿ ಹೂಳಲು ತಯಾರಕರೂ ಸ್ಥಳೀಯ ಕಟ್ಟಡ ನಿಯಮವೂ ಒಪ್ಪಿದ ಬಗೆಯದಿರಲಿ. ಹಿತ್ತಾಳೆಯ ಕಪ್ಲಿಂಗಾದರೆ ಅದಕ್ಕೆ ಸಿಮೆಂಟ್ ತಾಗದಂತೆ ಸುತ್ತಬೇಕು. ಹೊಸ ತುಂಡಿಗೂ ಆಮ್ಲಜನಕ ತಡೆಯುವ ಪದರವಿರುವ ಪೈಪನ್ನೇ ಬಳಸುವುದು ಒಳ್ಳೆಯದು; ಕುಡಿಯುವ ನೀರಿನ ಸಾದಾ ಪೆಕ್ಸನ್ನು ಇಡೀ ಲೂಪಿಗೆ ಹಾಕಿದರಂತೂ ಒಳನುಸುಳುವ ಆಮ್ಲಜನಕ ಪಂಪಿನ ಎರಕದ ಕಬ್ಬಿಣವನ್ನು ತಿನ್ನುತ್ತದೆ. ಮುಚ್ಚುವ ಮುನ್ನ ಮತ್ತೆ ಒತ್ತಡ ಪರೀಕ್ಷಿಸಿ, ಕಪ್ಲಿಂಗಿನ ಜಾಗವನ್ನು ಎರಡು ಗೋಡೆಗಳಿಂದ ಅಳೆದು ನಕ್ಷೆಯಲ್ಲಿ ಗುರುತಿಸಿ, ಫೋಟೊ ತೆಗೆದಿಟ್ಟುಕೊಳ್ಳಿ.