ಸರ್ಕಾರ ಅಭಿಪ್ರಾಯ ಕೇಳಿದಾಗ ಯಾರ ಮಾತು ತಲುಪುತ್ತದೆ?



2020ರ ಮಾರ್ಚ್ 24ರ ರಾತ್ರಿ 8 ಗಂಟೆಗೆ ಪ್ರಧಾನಿಯವರು ಟಿ.ವಿ.ಯಲ್ಲಿ ಮಾತನಾಡಿದರು. ಅಂದು ಮಧ್ಯರಾತ್ರಿಯಿಂದಲೇ ದೇಶವೆಲ್ಲ ಬಂದ್. ಮುಚ್ಚುವ ಮೊದಲು ನಮ್ಮನ್ನು ಯಾರೂ ಕೇಳಲಿಲ್ಲ, ಕೇಳುವಷ್ಟು ಸಮಯವೂ ಇರಲಿಲ್ಲ ಅನ್ನೋಣ. ಆದರೆ ಮತ್ತೆ ತೆರೆಯುವಾಗ? ಯಾವ ಅಂಗಡಿ ಮೊದಲು, ಬಸ್ಸಿನಲ್ಲಿ ಎಷ್ಟು ಜನ, ಸಂತೆ ಯಾವಾಗ ಎಂಬುದನ್ನೆಲ್ಲ ಜನರನ್ನು ಕೇಳಿಯೇ ತೀರ್ಮಾನಿಸಬಹುದಿತ್ತು, ಅಲ್ವಾ?

ದೆಹಲಿಯಲ್ಲಿ ಹಾಗೆ ಕೇಳಿದರು. ಆಗಿನ ಮುಖ್ಯಮಂತ್ರಿ ಅರವಿಂದ ಕೇಜ್ರಿವಾಲ್ ಅವರು 2020ರ ಮೇ 12ರಂದು, 17ನೇ ತಾರೀಕಿನ ನಂತರ ಏನೇನು ತೆರೆಯಬೇಕು, ನೀವೇ ಹೇಳಿ ಎಂದರು. ವಾಟ್ಸಾಪ್ ಮಾಡಬಹುದು, ಫೋನ್ ಮಾಡಿ ಮಾತು ರೆಕಾರ್ಡ್ ಮಾಡಿಸಬಹುದು, ಇ-ಮೇಲ್ ಕಳುಹಿಸಬಹುದು. ಗಡುವು ಮಾರನೇ ದಿನ ಸಂಜೆ 5 ಗಂಟೆ. ಅಷ್ಟರೊಳಗೆ 5 ಲಕ್ಷಕ್ಕೂ ಹೆಚ್ಚು ಸಲಹೆಗಳು ಬಂದವು. ಹೆಚ್ಚಿನವು ವಾಟ್ಸಾಪ್‌ನಲ್ಲಿ.

ಕೇಳಿದ್ದು ಒಳ್ಳೆಯದೇ. ಎಷ್ಟೋ ಸರ್ಕಾರಗಳು ಅಷ್ಟೂ ಮಾಡಲಿಲ್ಲ. ಮಾರುಕಟ್ಟೆ ಸಂಘಗಳವರು ಅಂಗಡಿಗಳನ್ನು ಸಮ-ಬೆಸ ಸಂಖ್ಯೆಯ ಲೆಕ್ಕದಲ್ಲಿ ದಿನ ಬಿಟ್ಟು ದಿನ ತೆರೆಯೋಣ ಎಂದು ಸೂಚಿಸಿದರು. ಮೇ 18ರ ಆದೇಶದಲ್ಲಿ ಅದು ಬಂತು. ಬಸ್ಸಿಗೆ 20 ಜನ, ಆಟೋಗೆ ಒಬ್ಬರೇ ಪ್ರಯಾಣಿಕರು ಎಂದೂ ಆಯಿತು. ಆದರೆ ಬೀದಿಯಲ್ಲಿ ನಡೆಯುವ ವಾರದ ಸಂತೆಗೆ ಪ್ರಾಯೋಗಿಕವಾಗಿ ಅನುಮತಿ ಸಿಕ್ಕಿದ್ದು ಆಗಸ್ಟ್ 24ರಿಂದ. ಪಕ್ಕಾ ಅಂಗಡಿಗೂ ಸಂತೆಯ ಗೋಣಿತಾಟಿಗೂ ನಡುವೆ ಮೂರು ತಿಂಗಳು!

ಸಂತೆಯಲ್ಲಿ ಜನಜಂಗುಳಿ, ರೋಗ ಹರಡುತ್ತದೆ, ನಿಜ. ನಾನು ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ವಾಟ್ಸಾಪ್ ಎಣಿಕೆಯಲ್ಲಿ ಒಂದು ತೊಂದರೆ ಇದೆ. ಸಂತೆಗೆ ಸೊಪ್ಪು ಕೊಳ್ಳಲು ಹೋಗುವವರ ಸಂದೇಶ ಒಂದು, ಸೊಪ್ಪು ಮಾರಿ ಅಂದಿನ ಅಕ್ಕಿ ತರುವವಳ ಸಂದೇಶವೂ ಒಂದೇ. ಅವಳ ಹತ್ತಿರ ಸ್ಮಾರ್ಟ್ ಫೋನ್ ಇಲ್ಲದಿದ್ದರೆ, ಅಥವಾ ಮನೆಯ ಒಂದೇ ಫೋನ್ ಗಂಡನ ಜೇಬಿನಲ್ಲಿದ್ದರೆ, ಅದೂ ಇಲ್ಲ.

ಜೂನ್ ತಿಂಗಳಲ್ಲಿ ನಡೆದದ್ದು ಇನ್ನೂ ಯೋಚಿಸುವಂಥದ್ದು. ಗಡಿ ತೆರೆಯಬೇಕೇ, ತೆರೆದರೆ ಹೊರಗಿನವರು ಬಂದು ಆಸ್ಪತ್ರೆಗಳ ಹಾಸಿಗೆ ತುಂಬಿಬಿಟ್ಟರೆ ಏನು ಗತಿ ಎಂದು ಮತ್ತೆ ಜನರನ್ನು ಕೇಳಿದರು. ಏಳೂವರೆ ಲಕ್ಷ ಜನ ಉತ್ತರಿಸಿದರು, ಅವರಲ್ಲಿ ನೂರಕ್ಕೆ 90 ಜನ ಸೋಂಕು ಇರುವಷ್ಟು ಕಾಲ ಆಸ್ಪತ್ರೆ ದೆಹಲಿಯವರಿಗೇ ಇರಲಿ ಎಂದರು ಎಂದು ಸರ್ಕಾರ ಹೇಳಿತು. ಜೂನ್ 7ರಂದು ಹಾಗೆಯೇ ಪ್ರಕಟಣೆ ಹೊರಟಿತು. ಕೇಂದ್ರ ಸರ್ಕಾರದ ಆಸ್ಪತ್ರೆಗಳು ಮಾತ್ರ ಎಲ್ಲರಿಗೂ ಎಂದಾಯಿತು. ಮರುದಿನವೇ ಆಗಿನ ಲೆಫ್ಟಿನೆಂಟ್ ಗವರ್ನರ್ ಅನಿಲ್ ಬೈಜಲ್ ಅವರು ಅದನ್ನು ತಳ್ಳಿಹಾಕಿದರು. ಆರೋಗ್ಯದ ಹಕ್ಕು ಸಂವಿಧಾನ ಕೊಟ್ಟ ಜೀವಿಸುವ ಹಕ್ಕಿನಲ್ಲೇ ಸೇರಿದೆ, ಊರು ನೋಡಿ ಚಿಕಿತ್ಸೆ ನಿರಾಕರಿಸುವಂತಿಲ್ಲ ಎಂಬುದು ಕಾರಣ. ದಯಾಳು ಸಮಾರಿಯದವನ ಸಾಮತಿಯನ್ನು ನಾವು ಎಷ್ಟು ಸಲ ಕೇಳಿಲ್ಲ! ದಾರಿಯಲ್ಲಿ ಬಿದ್ದಿದ್ದವನ ರೇಷನ್ ಕಾರ್ಡ್ ಅವನು ಕೇಳಲಿಲ್ಲ. ಹೆಚ್ಚು ಜನ ಹೇಳಿದ ಮಾತ್ರಕ್ಕೆ ಮತ್ತೊಬ್ಬರ ಜೀವದ ಹಕ್ಕು ಹೋಗಬಾರದು. ಉತ್ತರಿಸಲು ಕರೆದದ್ದು ದೆಹಲಿಯವರನ್ನು, ಬಾಗಿಲು ಹಾಕಲು ಹೊರಟಿದ್ದು ಹೊರಗಿನವರಿಗೆ.

ನಮ್ಮ ಕರ್ನಾಟಕದಲ್ಲಿ ಕೇಳಿದ ರೀತಿ ಬೇರೆ. 2020ರ ಮೇ 5ರಂದು ಕಟ್ಟಡ ನಿರ್ಮಾಣ ಕಂಪನಿಗಳವರು ಮುಖ್ಯಮಂತ್ರಿ ಯಡಿಯೂರಪ್ಪನವರನ್ನು ಭೇಟಿಯಾದರು. ಅದೇ ದಿನ ವಲಸೆ ಕಾರ್ಮಿಕರ ರೈಲುಗಳು ಬೇಡವೆಂದು ರೈಲ್ವೆಗೆ ಪತ್ರ ಹೋಯಿತು. ಕೆಲಸ ಮತ್ತೆ ಶುರುವಾಗಬೇಕು, ಕೈಗಳು ಬೇಕು! ಕಂಪನಿಯವರು ಎದುರು ಕುಳಿತು ಹೇಳಿದರು, ಊರಿಗೆ ಹೋಗ್ತೀವಿ ಅಂತ ಕಾರ್ಮಿಕರು ರಸ್ತೆಯಲ್ಲಿ ನಿಂತು ಹೇಳಿದರು. ದೇಶದೆಲ್ಲೆಡೆ ಟೀಕೆ ಬಂದ ಮೇಲೆ ಮೂರು ದಿನದಲ್ಲಿ ರೈಲು ಮತ್ತೆ ಹೊರಟಿತು. ಮೇ 6ರಂದು ಪ್ರಕಟವಾದ 1,610 ಕೋಟಿ ರೂಪಾಯಿ ಪ್ಯಾಕೇಜಿನಲ್ಲಿ ಕ್ಷೌರಿಕರಿಗೆ, ಅಗಸರಿಗೆ, ಆಟೋ-ಟ್ಯಾಕ್ಸಿ ಚಾಲಕರಿಗೆ ತಲಾ 5,000 ರೂಪಾಯಿ ಇತ್ತು. ಮನೆಗೆಲಸದ ಹೆಣ್ಣುಮಕ್ಕಳ ಹೆಸರು ಇರಲಿಲ್ಲ. ಅವರ ಸಂಘಟನೆಗಳು ಕೇಳುತ್ತಲೇ ಇದ್ದವು. 2021ರ ಮೇ ತಿಂಗಳ ಪ್ಯಾಕೇಜಿನಲ್ಲಿ ಅವರೂ ಸೇರಿದರು, 2,000 ರೂಪಾಯಿಗೆ.

"ನಮ್ಮದೇನಿದೆ ಸಿಸ್ಟರ್, ಅವರು ಹೇಳ್ತಾರೆ, ನಾವು ಕೇಳ್ತೀವಿ" ಎನ್ನುವ ಮಾತು ಸಂಘದ ಸಭೆಗಳಲ್ಲಿ ಆಗಾಗ ಬರುತ್ತದೆ. ಹಾಗೇನಿಲ್ಲ. ಹಳ್ಳಿಯಲ್ಲಿ ವಾರ್ಡ್ ಸಭೆ, ಗ್ರಾಮಸಭೆ ಇವೆ. ಪಟ್ಟಣದಲ್ಲಿ ಮಾರುವವರಿಗೆ 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಇದೆ. ಅದರ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ನೂರಕ್ಕೆ 40ಕ್ಕೆ ಕಡಿಮೆಯಿಲ್ಲದಷ್ಟು ಸದಸ್ಯರು ವ್ಯಾಪಾರಿಗಳೇ ಆರಿಸಿದವರಿರಬೇಕು, ಆ ಪ್ರತಿನಿಧಿಗಳಲ್ಲಿ ಮೂರನೇ ಒಂದು ಭಾಗ ಮಹಿಳೆಯರು. ನಿಮ್ಮ ಪಟ್ಟಣದಲ್ಲಿ ಆ ಮಹಿಳೆ ಯಾರು ಎಂದು ವಿಚಾರಿಸಿ.

ಸಂತೆ ಜಾಗ ಬದಲಾಯಿಸುವುದಿರಲಿ, ಬಸ್ ನಿಲ್ಲಿಸುವುದಿರಲಿ, ಇನ್ನೊಂದು ರೋಗ ಬಂದು ಊರು ಮುಚ್ಚುವುದಿರಲಿ (ಬಾರದಿರಲಿ!), ಅಭಿಪ್ರಾಯ ಕೇಳಿದರೆ "ತೆರೆಯಿರಿ" ಎಂದಷ್ಟೇ ಬರೆಯಬೇಡಿ. ನಮ್ಮ ಸಂಘದಲ್ಲಿ ಎಷ್ಟು ಜನ ಮಾರುತ್ತೇವೆ, ಒಂದು ವಾರ ನಿಂತರೆ ಯಾವ ಸಾಲದ ಕಂತು ತಪ್ಪುತ್ತದೆ, ಎಷ್ಟು ಅಡಿ ದೂರ ಕೂರಬಲ್ಲೆವು, ಯಾವ ಮೈದಾನ ಸಾಕಾಗುತ್ತದೆ, ಇಷ್ಟನ್ನು ಬರೆಯಿರಿ. ಆ ದಿನ ಸಭೆಗೆ ಬಾರದ ಸದಸ್ಯೆಯನ್ನೂ, ಫೋನ್ ಇಲ್ಲದ ಅಜ್ಜಿಯನ್ನೂ, ಬೇರೆ ರಾಜ್ಯದಿಂದ ಬಂದು ಪಕ್ಕದ ಶೆಡ್ಡಿನಲ್ಲಿರುವವಳನ್ನೂ ಕೇಳಿ. ನಡಾವಳಿ ಪುಸ್ತಕದಲ್ಲಿ ನಿರ್ಣಯ ಬರೆದು ಎಲ್ಲರ ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿ. ಅರ್ಜಿ ಎರಡು ಪ್ರತಿ ಮಾಡಿ, ಒಂದನ್ನು ಪಂಚಾಯಿತಿ ಅಥವಾ ಪುರಸಭೆ ಕಚೇರಿಗೆ ಕೊಡಿ. ಇನ್ನೊಂದರ ಮೇಲೆ ಮೊಹರು, ತಾರೀಕು ಹಾಕಿಸಿಕೊಂಡು ಸಂಘದ ಫೈಲಿನಲ್ಲಿ ಇಡಿ.