ಮರ ಉಳಿಯಿತು, ಮನೆ ಉರಿಯಿತು

2018ರ ನವೆಂಬರ್ 8ರ ಬೆಳಗ್ಗೆ ಅಮೆರಿಕದ ಕ್ಯಾಲಿಫೋರ್ನಿಯಾದ ಉತ್ತರ ಭಾಗದಲ್ಲಿ ಹಳೆಯ ವಿದ್ಯುತ್ ಗೋಪುರವೊಂದರ ಸವೆದ ಕೊಂಡಿ ಮುರಿಯಿತು. ತಂತಿಯಿಂದ ಸಿಡಿದ ಕಿಡಿ ಒಣಹುಲ್ಲಿಗೆ ಬಿತ್ತು. ಬಿರುಗಾಳಿಯ ಬೆನ್ನೇರಿದ ಬೆಂಕಿ ಕೆಲವೇ ಗಂಟೆಗಳಲ್ಲಿ ಪ್ಯಾರಡೈಸ್ ಎಂಬ ಊರನ್ನು ಸುತ್ತುವರಿಯಿತು. ಪ್ಯಾರಡೈಸ್ ಎಂದರೆ ಸ್ವರ್ಗ! ಆ ಕಾಳ್ಗಿಚ್ಚಿಗೆ 85 ಜನ ಬಲಿಯಾದರು; 18,000ಕ್ಕೂ ಹೆಚ್ಚು ಕಟ್ಟಡಗಳು ನಾಶವಾದವು.

ಬೆಂಕಿ ಆರಿದ ಮೇಲೆ ತೆಗೆದ ಚಿತ್ರಗಳಲ್ಲಿ ಒಂದು ವಿಚಿತ್ರ ಕಂಡಿತು. ಮನೆಯಿದ್ದ ಜಾಗದಲ್ಲಿ ಬರೀ ಬೂದಿ. ಅದರ ಪಕ್ಕದಲ್ಲೇ ಹಸಿರಾಗಿ ನಿಂತ ಮರಗಳು. ಕಾಡಿನ ಬೆಂಕಿ ಮರವನ್ನು ಬಿಟ್ಟು ಮನೆಯನ್ನೇಕೆ ಸುಟ್ಟಿತು?

ಹಾರಿ ಬರುವ ಶತ್ರು

ಉತ್ತರ ಪಠ್ಯಪುಸ್ತಕದಲ್ಲೇ ಇದೆ. ದಹನಕ್ರಿಯೆಗೆ ಇಂಧನ, ಆಮ್ಲಜನಕ ಮತ್ತು ಶಾಖ ಮೂರೂ ಬೇಕು. ಹಸಿ ಮರಕ್ಕೆ ಶಾಖ ತಗಲಿದಾಗ ಅದರ ಬಹುಪಾಲು ಮೊದಲು ಮರದೊಳಗಿನ ನೀರನ್ನು ಆವಿಯಾಗಿಸಲು ಖರ್ಚಾಗುತ್ತದೆ. ಒಣಗಿದ ತರಗೆಲೆಗೆ ಈ ರಕ್ಷಣೆಯಿಲ್ಲ. ಒಂದು ಕಿಡಿ ಸಾಕು.

ಗಾಳಿ ಜೋರಾಗಿದ್ದರೆ ಕಿಡಿಗಳು ಬೆಂಕಿಯ ಸಾಲಿಗಿಂತ ಕಿಲೋಮೀಟರುಗಟ್ಟಲೆ ಮುಂದಕ್ಕೆ ಹಾರುತ್ತವೆ. ಛಾವಣಿಯ ದೋಣಿಯಲ್ಲಿ ಕೊಳೆತೊಣಗಿದ ಎಲೆ, ಗೋಡೆಗೆ ಒರಗಿಸಿದ ಸೌದೆ, ಬಾಗಿಲ ಮುಂದಿನ ನಾರಿನ ಕಾಲೊರಸು ಅವಕ್ಕೆ ಆಸರೆಯಾಗುತ್ತವೆ. ಹೊತ್ತಿಕೊಂಡ ಒಂದು ಮನೆ ಪಕ್ಕದ ಮನೆಗೂ ಬೆಂಕಿ ಹಚ್ಚುತ್ತದೆ. ಆದ್ದರಿಂದಲೇ ತಜ್ಞರು ಗೋಡೆಯಿಂದ 5 ಅಡಿಯೊಳಗೆ ಉರಿಯುವ ವಸ್ತು ಏನೂ ಇರಬಾರದು, ಸೌದೆಯ ರಾಶಿ 30 ಅಡಿಯಾಚೆ ಇರಬೇಕು ಎನ್ನುತ್ತಾರೆ.

ನಮ್ಮ ಕಾಡಂಚಿನಲ್ಲಿ

ಕರ್ನಾಟಕದಲ್ಲಿ ಜನವರಿಯಿಂದ ಮುಂಗಾರು ಬರುವವರೆಗೆ ಕಾಳ್ಗಿಚ್ಚಿನ ಕಾಲ. 2019ರ ಫೆಬ್ರುವರಿಯಲ್ಲಿ ಬಂಡೀಪುರದ ಸಾವಿರಾರು ಎಕರೆ ಕಾಡು ಸುಟ್ಟಾಗ ವಾಯುಪಡೆಯ ಹೆಲಿಕಾಪ್ಟರುಗಳು ನೀರು ಸುರಿಯಬೇಕಾಯಿತು. ನಮ್ಮ ಕಾಡಿಗೆ ಬೀಳುವ ಬೆಂಕಿ ಬಹುಪಾಲು ಮನುಷ್ಯರಿಂದಲೇ ಹುಟ್ಟುತ್ತದೆ. ಗಾಳಿ ಬೀಸುವ ಒಣ ದಿನಗಳಲ್ಲಿ ಹಿತ್ತಲಿನ ಕಸಕ್ಕೆ ಬೆಂಕಿಯಿಡದಿರುವುದೇ ಮೊದಲ ಎಚ್ಚರಿಕೆ.

ಮಲೆನಾಡಿನ ಮತ್ತು ಕಾಡಂಚಿನ ಮನೆಗಳವರು ಹೆಂಚಿನ ಸಂದುಗಳಲ್ಲಿ ಸೇರಿದ ತರಗೆಲೆಯನ್ನು ಗುಡಿಸಬೇಕು. ಹುಲ್ಲಿನ ಬಣವೆ, ಒಣ ತೆಂಗಿನ ಗರಿಗಳು ಮನೆಗೂ ಕೊಟ್ಟಿಗೆಗೂ ತಾಗಿರಬಾರದು. ಡೆಹ್ರಾಡೂನಿನ ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆಯು ಉಪಗ್ರಹಗಳ ನೆರವಿನಿಂದ ಬೆಂಕಿಯನ್ನು ಗುರುತಿಸಿ, ಹೆಸರು ನೋಂದಾಯಿಸಿದವರ ಮೊಬೈಲಿಗೆ ಸಂದೇಶ ಕಳುಹಿಸುತ್ತದೆ. ಬೆಂಕಿ ಕಂಡವರು ಕೂಡಲೇ 112ಕ್ಕೆ ಕರೆ ಮಾಡಬಹುದು.

ಹೊಗೆಯೂ ಅಪಾಯಕಾರಿಯೇ. ಅದರ ಅತಿಸೂಕ್ಷ್ಮ ಕಣಗಳನ್ನು ಮೂಗಿಗೆ ಕಟ್ಟಿದ ಒದ್ದೆ ಬಟ್ಟೆ ಸರಿಯಾಗಿ ತಡೆಯಲಾರದು. ಮುಖಕ್ಕೆ ಬಿಗಿಯಾಗಿ ಕೂರುವ ಎನ್-95 ಮುಖಗವಸು ತಡೆಯುತ್ತದೆ. ಕಿಟಕಿ, ಬಾಗಿಲು ಮುಚ್ಚಿರಬೇಕು. ಉಬ್ಬಸವಿರುವವರ ಔಷಧಿ ಕೈಗೆಟುಕುವಂತಿರಬೇಕು.

ಅಜ್ಜಿಯನ್ನು ಕರೆದೊಯ್ಯುವವರು ಯಾರು?

ಪ್ಯಾರಡೈಸಿನಲ್ಲಿ ಸತ್ತವರಲ್ಲಿ ಹೆಚ್ಚಿನವರು ವೃದ್ಧರು. ಊರಿನಿಂದ ಹೊರಹೋಗುವ ರಸ್ತೆಗಳು ವಾಹನಗಳಿಂದ ಕಟ್ಟಿಕೊಂಡಿದ್ದವು. ಹೊರಡಬೇಕೆಂಬ ಸೂಚನೆ ಬಂದ ಮೇಲೆ ಯೋಚಿಸಲು ಸಮಯವಿರುವುದಿಲ್ಲ. ಹೊರಹೋಗಲು ಎರಡು ದಾರಿ ಯಾವುವು, ಎಲ್ಲರೂ ಎಲ್ಲಿ ಸೇರಬೇಕು, ದನಗಳ ಕಣ್ಣಿ ಬಿಚ್ಚುವವರು ಯಾರು, ನಡೆಯಲಾಗದ ಅಜ್ಜಿಯ ಜೊತೆಗಿರುವವರು ಯಾರು ಎಂಬುದು ಮೊದಲೇ ನಿಶ್ಚಯವಾಗಿರಬೇಕು. ಆಧಾರ್, ಪಹಣಿ, ಅಂಕಪಟ್ಟಿಗಳು ಒಂದೇ ಚೀಲದಲ್ಲಿದ್ದರೆ ಹುಡುಕಾಟ ತಪ್ಪುತ್ತದೆ.

ಇದಕ್ಕೆ ಖರ್ಚೇನೂ ಇಲ್ಲ. ಒಂದು ಭಾನುವಾರ ಮಕ್ಕಳು ಅಳತೆಪಟ್ಟಿ ಹಿಡಿದು ಮನೆಯ ಸುತ್ತ 5 ಅಡಿ ಅಳೆಯಲಿ. ಒಳಗೆ ಸಿಕ್ಕ ಒಣ ವಸ್ತುಗಳನ್ನು ಪಟ್ಟಿ ಮಾಡಲಿ. ಅವನ್ನು ದೂರ ಸಾಗಿಸುವ ಕೆಲಸಕ್ಕೆ ಹಿರಿಯರು ಕೈಜೋಡಿಸಲಿ. ಅಜ್ಜಿಯ ಹೊಣೆ ಯಾರದ್ದೆಂಬುದು ಅಂದಿನ ಊಟದ ಹೊತ್ತಿಗೆ ತೀರ್ಮಾನವಾಗಲಿ.